ಕೋಶದಿಂದಲೇ ಕೋಶ: ಮೂರು ಮಾತುಗಳ ಮೂರೂವರೆ ಶತಮಾನ

1676ರ ಏಪ್ರಿಲ್ ತಿಂಗಳು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವನ್‌ಹುಕ್ ಒಂದಷ್ಟು ಕರಿಮೆಣಸನ್ನು ನೀರಿನಲ್ಲಿ ನೆನೆಹಾಕಿ ಇಟ್ಟಿದ್ದರು. ಮೆಣಸು ಯಾಕೆ ಖಾರ ಎಂಬುದನ್ನು ಕಣ್ಣಾರೆ ಕಂಡುಕೊಳ್ಳಬೇಕೆಂಬುದು ಅವರ ಆಸೆ. ವಾರಗಟ್ಟಲೆ ನೆಂದ ಆ ನೀರಿನ ಹನಿಯನ್ನು ತಾವೇ ತಯಾರಿಸಿದ ಪುಟ್ಟ ಮಸೂರದ ಎದುರು ಹಿಡಿದು ನೋಡಿದಾಗ ಖಾರದ ಗುಟ್ಟು ಸಿಗಲಿಲ್ಲ. ಆದರೆ ಹನಿಯೊಳಗೆ ಲೆಕ್ಕಕ್ಕೆ ಸಿಗದಷ್ಟು ಪುಟಾಣಿ ಜೀವಿಗಳು ಓಡಾಡುತ್ತಿದ್ದವು. ಅಕ್ಟೋಬರಿನಲ್ಲಿ ಅವರು ಬರೆದ ಪತ್ರವನ್ನು ಓದಿದ ಲಂಡನ್ನಿನ ರಾಯಲ್ ಸೊಸೈಟಿಯ ವಿದ್ವಾಂಸರು ಸುಲಭವಾಗಿ ನಂಬಲಿಲ್ಲ. ಮರುವರ್ಷ ರಾಬರ್ಟ್ ಹುಕ್ ಅದೇ ಮೆಣಸಿನ ನೀರಿನ ಪ್ರಯೋಗ ಮಾಡಿ, ಸದಸ್ಯರನ್ನು ಕರೆದು ತೋರಿಸಿದ ಮೇಲೆ ಅನುಮಾನ ಅಡಗಿತು.

ಇದೇ ಹುಕ್ ಅದಕ್ಕೂ ಹನ್ನೆರಡು ವರ್ಷ ಮೊದಲು, 1665ರಲ್ಲಿ, 'ಮೈಕ್ರೊಗ್ರಾಫಿಯಾ' ಎಂಬ ಸಚಿತ್ರ ಗ್ರಂಥವನ್ನು ಹೊರತಂದಿದ್ದರು. ಅದರಲ್ಲಿ ಕಾರ್ಕ್ ಬಿರಡೆಯ ವರ್ಣನೆ ಇದೆ. ಹರಿತವಾದ ಚಾಕುವಿನಿಂದ ಕಾರ್ಕನ್ನು ತೆಳುವಾಗಿ ಸೀಳಿ, ಕಪ್ಪು ತಟ್ಟೆಯ ಮೇಲಿಟ್ಟು, ಬೆಳಕು ಹಾಯಿಸಿ ನೋಡಿದಾಗ ಅವರಿಗೆ ಖಾಲಿ ಕೋಣೆಗಳ ಸಾಲುಗಳು ಕಂಡವು. ಅವುಗಳಿಗೆ 'ಸೆಲ್' ಎಂದು ಹೆಸರಿಟ್ಟರು. ಒಂದು ಘನ ಅಂಗುಲದಲ್ಲಿ ಇಂಥ ಕೋಣೆಗಳು 125 ಕೋಟಿಗೂ ಹೆಚ್ಚು ಇರುತ್ತವೆ ಎಂದು ಲೆಕ್ಕ ಹಾಕಿದರು. ಹುಕ್ ಕಂಡದ್ದು ಸತ್ತ ಕೋಶಗಳ ಉಳಿದ ಗೋಡೆಗಳನ್ನು. ಜೀವಂತ ಕೋಶವನ್ನು ಕಂಡವರು ಲೀವನ್‌ಹುಕ್. ಇಬ್ಬರು ಕಂಡದ್ದೂ ಒಂದೇ ವಸ್ತುವಿನ ಎರಡು ಅವಸ್ಥೆ ಎಂಬುದು ಜಗತ್ತಿಗೆ ಹೊಳೆಯಲು ಸುಮಾರು 170 ವರ್ಷ ಹಿಡಿಯಿತು.

ಇವತ್ತು ಹೈಸ್ಕೂಲಿನ ವಿದ್ಯಾರ್ಥಿ ಕಲಿಯುವ ಕೋಶ ಸಿದ್ಧಾಂತದಲ್ಲಿ ಮೂರು ಮಾತುಗಳಿವೆ. ಎಲ್ಲ ಜೀವಿಗಳೂ ಕೋಶಗಳಿಂದ ಆಗಿವೆ. ಜೀವಿಯ ರಚನೆಗೂ ಕೆಲಸಕ್ಕೂ ಕೋಶವೇ ಮೂಲ ಘಟಕ. ಪ್ರತಿಯೊಂದು ಕೋಶವೂ ಹುಟ್ಟುವುದು ಇನ್ನೊಂದು ಕೋಶದಿಂದಲೇ. ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಮೂರೂ ಸಮಾನವಾಗಿ ಕಾಣುತ್ತವೆ. ಆದರೆ ಒಂದೊಂದೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜಗಳಗಳನ್ನು ದಾಟಿ ಬಂದಿದೆ. ಮೊದಲಿನ ಎರಡಕ್ಕೆ ತಿದ್ದುಪಡಿಗಳು ಬೇಕಾಗಿವೆ. ಮೂರನೆಯದು ಮಾತ್ರ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದೆ. ಕ್ಯಾನ್ಸರ್ ವಾರ್ಡಿನಿಂದ ಬಾಳೆ ತೋಟದವರೆಗೆ ಇಂದು ನಡೆಯುವ ಹೆಚ್ಚಿನ ಕೆಲಸಗಳೆಲ್ಲ ಅದರ ಮೇಲೆಯೇ ನಿಂತಿವೆ.

ಮೊದಲ ಮಾತು: ಎಲ್ಲವೂ ಕೋಶವೇ?

ಹುಕ್ ನಂತರದ ದೀರ್ಘ ಮೌನಕ್ಕೆ ಒಂದು ಕಾರಣ ಉಪಕರಣದ ಮಿತಿ. ಆ ಕಾಲದ ಮಸೂರಗಳಲ್ಲಿ ವಸ್ತುವಿನ ಅಂಚಿಗೆ ಬಣ್ಣದ ಮಬ್ಬು ಮೆತ್ತಿಕೊಳ್ಳುತ್ತಿತ್ತು. 1830ರ ಹೊತ್ತಿಗೆ ಆ ದೋಷ ಕಳೆದ ಮಸೂರಗಳು ಬಂದವು. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡಗಳ ಕೋಶಗಳೊಳಗೆ ಒಂದು ದುಂಡನೆಯ ಕಾಯವನ್ನು ಗುರುತಿಸಿದರು. ಅದೇ ಕೋಶಕೇಂದ್ರ. 1838ರಲ್ಲಿ ವಕೀಲಿ ಬಿಟ್ಟು ಸಸ್ಯವಿಜ್ಞಾನಕ್ಕೆ ಬಂದಿದ್ದ ಮಥಿಯಾಸ್ ಶ್ಲೈಡನ್ ಗಿಡಗಳೆಲ್ಲ ಕೋಶಗಳಿಂದ ಆದವು ಎಂದರು. ಒಂದು ಊಟದ ಹೊತ್ತಿನಲ್ಲಿ ಶ್ಲೈಡನ್ ಸಸ್ಯದ ಕೋಶಕೇಂದ್ರದ ವಿಷಯ ಹೇಳಿದಾಗ, ಪ್ರಾಣಿಗಳ ಅಂಗಾಂಶದಲ್ಲಿ ಅಂಥದ್ದನ್ನೇ ಕಂಡಿದ್ದ ಥಿಯೋಡೋರ್ ಶ್ವಾನ್‌ಗೆ ಎರಡೂ ಒಂದೇ ಎಂಬುದು ಹೊಳೆಯಿತು. 1839ರಲ್ಲಿ ಅವರು ಪ್ರಾಣಿಗಳನ್ನೂ ಸೇರಿಸಿ ಸಿದ್ಧಾಂತವನ್ನು ಪೂರ್ತಿಗೊಳಿಸಿದರು. ಹಸುವಿನ ಮೃದ್ವಸ್ಥಿಗೂ ಹುಲ್ಲಿನ ಎಲೆಗೂ ರಚನೆಯ ಮಟ್ಟದಲ್ಲಿ ನೆಂಟಸ್ತಿಕೆ ಇದೆ ಎಂಬುದು ಆ ಕಾಲಕ್ಕೆ ಬೆರಗಿನ ಸಂಗತಿ.

ಈ ಮಾತಿಗೆ ಕೊನೆಯ ದೊಡ್ಡ ತಕರಾರು ಬಂದದ್ದು ಮೆದುಳಿನಿಂದ. ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಬೆಳ್ಳಿಯ ಲವಣ ಬಳಸಿ ನರ ಅಂಗಾಂಶಕ್ಕೆ ಕಪ್ಪು ಬಣ್ಣ ಕಟ್ಟುವ ವಿಧಾನ ಕಂಡುಹಿಡಿದರು. ಆ ವಿಧಾನದ ವಿಶೇಷವೆಂದರೆ ಸಾವಿರಾರು ನರಕೋಶಗಳ ಗುಂಪಿನಲ್ಲಿ ಎಲ್ಲೋ ಕೆಲವಕ್ಕೆ ಮಾತ್ರ ಬಣ್ಣ ಹತ್ತುತ್ತದೆ, ಹತ್ತಿದವು ತಮ್ಮ ಕವಲು ಕವಲುಗಳೊಂದಿಗೆ ಪೂರ್ತಿ ಕಾಣುತ್ತವೆ. ಗಾಲ್ಜಿಯವರಿಗೆ ಅದರಲ್ಲಿ ಎಲ್ಲೂ ಕಡಿಯದ ಒಂದೇ ಬಲೆ ಕಂಡಿತು. ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಅದೇ ವಿಧಾನವನ್ನು ಸುಧಾರಿಸಿ, ಎಳೆಯ ಪ್ರಾಣಿಗಳ ಮೆದುಳನ್ನು ನೋಡಿ, ಪ್ರತಿ ನರಕೋಶವೂ ಬಿಡಿಯಾದದ್ದು, ಒಂದರ ತುದಿ ಇನ್ನೊಂದರ ಹತ್ತಿರಕ್ಕೆ ಬರುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ ಎಂದು ವಾದಿಸಿದರು. 1906ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಲಾಯಿತು. ಪ್ರಶಸ್ತಿ ಸ್ವೀಕಾರದ ಭಾಷಣದಲ್ಲೇ ಗಾಲ್ಜಿ ಕಹಾಲರ ವಾದವನ್ನು ಅಲ್ಲಗಳೆದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಎರಡು ನರಕೋಶಗಳ ನಡುವಿನ ಸಣ್ಣ ಸಂದನ್ನು ತೋರಿಸಿದಾಗ ಕಹಾಲರ ಮಾತು ಸ್ಥಿರವಾಯಿತು. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂಬುದು ಈಗಿನ ಅಂದಾಜು.

ಹಾಗಾದರೆ ಎಲ್ಲವೂ ಕೋಶವೇ? ವೈರಸ್ ಕೋಶವಲ್ಲ. ಅದಕ್ಕೆ ಆನುವಂಶಿಕ ವಸ್ತು ಇದೆ, ಪ್ರೊಟೀನಿನ ಹೊದಿಕೆ ಇದೆ. ಸ್ವಂತವಾಗಿ ಪ್ರೊಟೀನು ತಯಾರಿಸುವ, ಶಕ್ತಿ ಹುಟ್ಟಿಸುವ ವ್ಯವಸ್ಥೆ ಇಲ್ಲ. ಯಾವುದಾದರೂ ಕೋಶದ ಒಳಹೊಕ್ಕರೆ ಮಾತ್ರ ಅದರ ಸಂತಾನ ಬೆಳೆಯುತ್ತದೆ. 2003ರಲ್ಲಿ ವರ್ಣಿಸಲಾದ ಮಿಮಿ ವೈರಸ್ ಕೆಲವು ಬ್ಯಾಕ್ಟೀರಿಯಾಗಳಷ್ಟು ದೊಡ್ಡದು. ಆ ಗಾತ್ರ ಕಂಡು ವೈರಸ್ಸು ಜೀವಿಯೋ ಅಲ್ಲವೋ ಎಂಬ ಚರ್ಚೆ ಮತ್ತೆ ಎದ್ದಿತು. ಆದರೆ ಅಷ್ಟು ದೊಡ್ಡ ವೈರಸ್ಸಿಗೂ ಅಮೀಬಾದ ಒಡಲು ಬೇಕೇ ಬೇಕು. ಕೋಶವಿಲ್ಲದೆ ವೈರಸ್ ಬಾಳದು. ಹೀಗಾಗಿ ಮೊದಲ ಮಾತಿಗೆ ಒಂದು ಅಂಚು ಸೇರಿಸಬೇಕು: ತನ್ನ ಬಾಳನ್ನು ತಾನೇ ನಡೆಸಿಕೊಳ್ಳುವ ಜೀವಿಗಳೆಲ್ಲ ಕೋಶಗಳಿಂದ ಆಗಿವೆ.

ಎರಡನೆಯ ಮಾತು: ಒಂದು ಕೋಶ ಎಂದರೆ ಎಷ್ಟು?

ಪಿಯುಸಿ ಪ್ರಯೋಗಾಲಯದಲ್ಲಿ ಈರುಳ್ಳಿ ಸಿಪ್ಪೆಯ ಪ್ರಯೋಗ ಮಾಡದವರು ಕಡಿಮೆ. ಈರುಳ್ಳಿಯ ದಪ್ಪ ಪದರವನ್ನು ಮುರಿದು, ಅದರ ಒಳಮೈಗೆ ಅಂಟಿಕೊಂಡ ತೆಳ್ಳನೆಯ ಪೊರೆಯನ್ನು ಚಿಮಟದಿಂದ ಎಳೆದರೆ ಪಾರದರ್ಶಕ ಚೂರೊಂದು ಬಿಡಿಸಿಕೊಂಡು ಬರುತ್ತದೆ. ಅದನ್ನು ನೀರಿನಲ್ಲಿ ತೇಲಿಸಿ, ಮಡಿಕೆ ಬೀಳದಂತೆ ಗಾಜಿನ ಪಟ್ಟಿಯ ಮೇಲಿಟ್ಟು, ಒಂದು ಹನಿ ಸಾಫ್ರನಿನ್ ಬಣ್ಣ ಬಿಟ್ಟು, ಗಾಳಿಗುಳ್ಳೆ ಸೇರದಂತೆ ಮೇಲೆ ಗಾಜಿನ ಮುಚ್ಚಳವನ್ನು ಓರೆಯಾಗಿ ಇಳಿಸಬೇಕು. ಸೂಕ್ಷ್ಮದರ್ಶಕದ ತಿರುಪನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಮಂಜು ಸರಿದು, ಗಾರೆ ಹಾಕಿ ಜೋಡಿಸಿದ ಇಟ್ಟಿಗೆಗಳ ಹಾಗೆ ಉದ್ದುದ್ದನೆಯ ಕೋಶಗಳು ಸಾಲುಗಟ್ಟಿ ನಿಂತಿರುವುದು ಕಾಣುತ್ತದೆ. ಪ್ರತಿಯೊಂದರ ಪಕ್ಕಕ್ಕೆ ಒತ್ತಿಕೊಂಡು ಗಾಢ ಕೆಂಪಿನ ಒಂದು ಚುಕ್ಕೆ ಇರುತ್ತದೆ. ಅದು ಕೋಶಕೇಂದ್ರ. ನಡುವಿನ ಖಾಲಿ ಜಾಗದಂತೆ ಕಾಣುವುದು ಖಾಲಿಯಲ್ಲ, ರಸ ತುಂಬಿದ ದೊಡ್ಡ ರಸದಾನಿ.

ಕೋಶಗಳು ಇಷ್ಟು ಚಿಕ್ಕದಾಗಿರುವುದಕ್ಕೆ ಸರಳವಾದ ರೇಖಾಗಣಿತದ ಕಾರಣವಿದೆ. ಒಂದು ಘನದ ಬದಿಯನ್ನು ಎರಡು ಪಟ್ಟು ಹಿಗ್ಗಿಸಿದರೆ ಅದರ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಗಾತ್ರ ಮಾತ್ರ ಎಂಟು ಪಟ್ಟಾಗುತ್ತದೆ. ಕೋಶಕ್ಕೆ ಆಹಾರ, ಆಮ್ಲಜನಕ ಒಳಬರುವುದೂ ಕಸ ಹೊರಹೋಗುವುದೂ ಮೇಲ್ಮೈಯ ಪೊರೆಯ ಮೂಲಕ. ಒಡಲು ಬೆಳೆದಷ್ಟು ವೇಗವಾಗಿ ಪೊರೆ ಬೆಳೆಯದಿದ್ದರೆ ಕೋಶಕ್ಕೆ ಉಸಿರು ಕಟ್ಟುತ್ತದೆ. ಆನೆಯ ಕೋಶಕ್ಕೂ ಇಲಿಯ ಕೋಶಕ್ಕೂ ಗಾತ್ರದಲ್ಲಿ ಅಂಥ ಅಂತರವಿಲ್ಲದಿರುವುದು ಇದರಿಂದಲೇ. ಆನೆಯಲ್ಲಿ ಕೋಶಗಳ ಸಂಖ್ಯೆ ಹೆಚ್ಚು, ಅಷ್ಟೆ.

ಆದರೆ ಪ್ರಕೃತಿ ಈ ನಿಯಮವನ್ನು ಎಳೆದಾಡಿ ನೋಡಿದೆ. ಬೆನ್ನುಹುರಿಯ ಕೆಳತುದಿಯಿಂದ ಕಾಲ್ಬೆರಳಿಗೆ ಹೋಗುವ ನರಕೋಶ ಸುಮಾರು ಒಂದು ಮೀಟರ್ ಉದ್ದ. ತೀರಾ ಸಪೂರವಾಗಿರುವುದರಿಂದ ಅದಕ್ಕೆ ಮೇಲ್ಮೈಯ ಕೊರತೆ ಇಲ್ಲ. 2022ರಲ್ಲಿ ಕೆರಿಬಿಯನ್ ದ್ವೀಪ ಗ್ವಾಡೆಲೂಪಿನ ಕಾಂಡ್ಲಾ ಕಾಡಿನಿಂದ ವರದಿಯಾದ 'ಥಿಯೊಮಾರ್ಗರಿಟಾ ಮ್ಯಾಗ್ನಿಫಿಕಾ' ಎಂಬ ಬ್ಯಾಕ್ಟೀರಿಯಾ ಒಂದೇ ಕೋಶದ್ದು, ಆದರೂ ಸೆಂಟಿಮೀಟರಿನಷ್ಟು ಉದ್ದ. ಸೂಕ್ಷ್ಮದರ್ಶಕ ಇಲ್ಲದೆ ಬರಿಗಣ್ಣಿಗೆ ಬಿಳಿ ದಾರದ ತುಂಡಿನಂತೆ ಕಾಣುವ ಬ್ಯಾಕ್ಟೀರಿಯಾ ಅದು. ಸಮುದ್ರದ ಕಾಲೆರ್ಪಾ ಪಾಚಿಗೆ ಎಲೆಯಂಥ, ಕಾಂಡದಂಥ, ಬೇರಿನಂಥ ಭಾಗಗಳಿವೆ. ಒಳಗೆ ಮಾತ್ರ ಒಂದೂ ಅಡ್ಡಗೋಡೆ ಇಲ್ಲ. ಅಸಂಖ್ಯ ಕೋಶಕೇಂದ್ರಗಳು ಒಂದೇ ಕೋಶದಲ್ಲಿ ಹರಡಿಕೊಂಡಿವೆ. ಮನುಷ್ಯನ ತೋಳು, ತೊಡೆಯ ಸ್ನಾಯು ತಂತುಗಳೂ ಹಾಗೆಯೇ: ಹಲವು ಕೋಶಗಳು ಕೂಡಿಕೊಂಡು ಒಂದು ತಂತುವಾಗುತ್ತವೆ, ಒಳಗೆ ನೂರಾರು ಕೇಂದ್ರಗಳು ಉಳಿಯುತ್ತವೆ. ಇನ್ನೊಂದು ತುದಿಗೆ ಕೆಂಪು ರಕ್ತಕಣ. ಸಸ್ತನಿಗಳಲ್ಲಿ ಅದು ಪಕ್ವವಾಗುವಾಗ ತನ್ನ ಕೋಶಕೇಂದ್ರವನ್ನೇ ಹೊರಗೆಸೆದು, ಆ ಜಾಗವನ್ನೂ ಹಿಮೋಗ್ಲೋಬಿನ್‌ಗೆ ಬಿಟ್ಟುಕೊಡುತ್ತದೆ. ಸುಮಾರು 120 ದಿನ ದುಡಿದು ಅಳಿಯುತ್ತದೆ. ಕಳೆದುಹೋದವುಗಳ ಜಾಗ ತುಂಬಲು ಅಸ್ಥಿಮಜ್ಜೆ ಪ್ರತಿ ಸೆಕೆಂಡಿಗೆ 20 ಲಕ್ಷದಷ್ಟು ಹೊಸ ಕಣಗಳನ್ನು ತಯಾರಿಸುತ್ತದೆ.

ಗಿಡಗಳಲ್ಲಿ ಕೋಶ ಸತ್ತ ಮೇಲೂ ಕೆಲಸ ಮುಗಿಯುವುದಿಲ್ಲ. ಬೇರಿನಿಂದ ಎಲೆಗೆ ನೀರು ಏರಿಸುವ ನಾಳಗಳು ಒಳಗಿನದ್ದನ್ನೆಲ್ಲ ಕಳೆದುಕೊಂಡು ಗೋಡೆ ಮಾತ್ರ ಉಳಿದ ಕೋಶಗಳ ಸರಣಿ. ಈ ನಾಳಗಳ ವಿನ್ಯಾಸವನ್ನು ಓದಿದರೆ ಸಸ್ಯಕುಲಗಳ ವಂಶಾವಳಿ ತಿಳಿಯುತ್ತದೆ. ಆ ವಿದ್ಯೆಯಲ್ಲಿ ಹೆಸರು ಮಾಡಿದವರು ಕನ್ನಡಿಗರ ಅಚ್ಚುಮೆಚ್ಚಿನ ಬಿ.ಜಿ.ಎಲ್. ಸ್ವಾಮಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಇರ್ವಿಂಗ್ ಬೈಲಿ ಅವರೊಡನೆ ಹೂಬಿಡುವ ಸಸ್ಯಗಳ ಪ್ರಾಚೀನ ಗುಂಪುಗಳ ಒಳರಚನೆಯನ್ನು ಅಧ್ಯಯನ ಮಾಡಿದ ಅವರು, ಸಾರ್ಕಾಂಡ್ರ ಕುಲದ ಒಂದು ಗಿಡಕ್ಕೆ ಬೈಲಿಯವರ ಹೆಸರನ್ನೇ ಇಟ್ಟರು. ಅವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಕೋಶದ ಒಳಗಿನ ಲೋಕ ತೆರೆದುಕೊಂಡದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ. 1945ರಲ್ಲಿ ಇಡೀ ಕೋಶವೊಂದರ ಮೊದಲ ಎಲೆಕ್ಟ್ರಾನ್ ಚಿತ್ರ ಪ್ರಕಟವಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಜಾರ್ಜ್ ಪಲಾಡೆ ಪ್ರೊಟೀನು ಹೆಣೆಯುವ ರೈಬೊಸೋಮನ್ನೂ ಕ್ರಿಶ್ಚಿಯನ್ ಡಿ ಡ್ಯೂವ್ ಕಸ ಕರಗಿಸುವ ಲೈಸೊಸೋಮನ್ನೂ ಕಂಡುಹಿಡಿದರು. ಆಲ್ಬರ್ಟ್ ಕ್ಲಾಡ್ ಜತೆ ಇವರಿಬ್ಬರಿಗೆ 1974ರಲ್ಲಿ ನೊಬೆಲ್ ಸಂದಿತು.

ಒಳಗಿನ ಅಂಗಗಳಲ್ಲಿ ಎಲ್ಲಕ್ಕಿಂತ ಅಚ್ಚರಿಯ ಚರಿತ್ರೆ ಮೈಟೊಕಾಂಡ್ರಿಯಾದ್ದು. ಆಹಾರದಿಂದ ಶಕ್ತಿ ಬಿಡಿಸಿಕೊಡುವ ಈ ಕಣಕ್ಕೆ ತನ್ನದೇ ಡಿಎನ್‌ಎ ಇದೆ. ಮನುಷ್ಯರಲ್ಲಿ ಅದು 37 ಜೀನುಗಳ ಒಂದು ಉಂಗುರ, ಮಗುವಿಗೆ ಬರುವುದು ತಾಯಿಯಿಂದ. ಅಮೆರಿಕದ ಲಿನ್ ಮಾರ್ಗುಲಿಸ್ 1967ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮೈಟೊಕಾಂಡ್ರಿಯಾ, ಎಲೆಯ ಹಸಿರು ಕಣ ಎರಡೂ ಒಂದು ಕಾಲಕ್ಕೆ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾಗಳು, ಇನ್ನೊಂದು ಕೋಶದೊಳಗೆ ಸೇರಿ ಅಲ್ಲಿಯೇ ನೆಲೆಯಾದವು ಎಂದರು. ಹತ್ತಾರು ಪತ್ರಿಕೆಗಳು ತಿರಸ್ಕರಿಸಿದ ಮೇಲೆ ಆ ಲೇಖನ ಅಚ್ಚಾಯಿತು. ಡಿಎನ್‌ಎ ಹೋಲಿಕೆಯ ಪುರಾವೆಗಳು ಬಂದ ಮೇಲೆ ಅದು ಪಠ್ಯಪುಸ್ತಕ ಸೇರಿತು. ಆ ಅತಿಥಿಗೆ ಮನೆ ಕೊಟ್ಟವರು ಯಾರು? ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಬ್ಯಾಕ್ಟೀರಿಯಾಗಳಿಗಿಂತ ಬೇರೆಯದೇ ವಂಶ ಎಂದು ಕಾರ್ಲ್ ವೋಸ್ 1977ರಲ್ಲಿ ತೋರಿಸಿದ್ದರು. 2015ರಲ್ಲಿ ಉತ್ತರ ಅಟ್ಲಾಂಟಿಕದ ಕಡಲತಳದ ಕೆಸರಿನಿಂದ ಪತ್ತೆಯಾದ ಲೋಕಿ ಆರ್ಕಿಯಾದಲ್ಲಿ ಪ್ರಾಣಿ, ಸಸ್ಯಗಳ ಕೋಶಕ್ಕೆ ಹತ್ತಿರದ ಜೀನುಗಳು ಸಿಕ್ಕವು. ಇದರ ಬಳಗದ ಒಂದು ಜೀವಿಯನ್ನು ಜಪಾನಿನ ವಿಜ್ಞಾನಿಗಳು ಹನ್ನೆರಡು ವರ್ಷ ಸಾಕಿ ಬೆಳೆಸಿ, 2020ರಲ್ಲಿ ವರದಿ ಮಾಡಿದರು. ಒಂದು ಎರಡಾಗಲು ಅದಕ್ಕೆ ಎರಡರಿಂದ ಮೂರು ವಾರ ಬೇಕು.

ಇದೆಲ್ಲ ಸೇರಿದರೆ ಎರಡನೆಯ ಮಾತು ಸುಳ್ಳಾಗುವುದಿಲ್ಲ, ಆಳವಾಗುತ್ತದೆ. ಪ್ರಾಣಿ, ಸಸ್ಯಗಳ ಕೋಶ ಮೂಲ ಘಟಕವೇ ಹೌದು. ಆದರೆ ಅದು ಒಂಟಿಯಾಗಿ ಹುಟ್ಟಿದ್ದಲ್ಲ, ಎರಡು ಜೀವಿಗಳು ಕೂಡಿ ಬಾಳಿದ್ದರ ಫಲ. ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಮಾನವ ಕೋಶಗಳಿದ್ದರೆ, ಅದೇ ದೇಹದಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ ಎಂದು 2016ರ ಒಂದು ಲೆಕ್ಕಾಚಾರ ಹೇಳುತ್ತದೆ. ಅಷ್ಟೊಂದು ಬ್ಯಾಕ್ಟೀರಿಯಾಗಳ ಒಟ್ಟು ತೂಕ ಕಾಲು ಕಿಲೋಗೂ ಕಡಿಮೆ.

ಮೂರನೆಯ ಮಾತು: ಕೋಶದಿಂದಲೇ ಕೋಶ

ಶ್ಲೈಡನ್ ಮತ್ತು ಶ್ವಾನ್ ಒಂದು ಕಡೆ ದಾರಿ ತಪ್ಪಿದ್ದರು. ಉಪ್ಪುನೀರಿನಲ್ಲಿ ಹರಳು ಕಟ್ಟುವಂತೆ ದ್ರವದಿಂದ ಹೊಸ ಕೋಶಗಳು ಮೂಡುತ್ತವೆ ಎಂಬುದು ಅವರ ಎಣಿಕೆಯಾಗಿತ್ತು. ಅದನ್ನು ಒಡೆದವರು ಬರ್ಲಿನ್ನಿನ ರಾಬರ್ಟ್ ರೆಮಾಕ್. ಕೋಳಿಯ ಭ್ರೂಣದ ರಕ್ತಕಣಗಳನ್ನೂ ಕಪ್ಪೆಯ ಮೊಟ್ಟೆಯನ್ನೂ ವರ್ಷಗಟ್ಟಲೆ ಗಮನಿಸಿದ ಅವರು, ಕೋಶವೊಂದು ಎರಡಾಗಿ ಒಡೆಯುವುದರಿಂದಲೇ ಹೊಸ ಕೋಶ ಹುಟ್ಟುತ್ತದೆ ಎಂದು 1852ರಲ್ಲಿ ಬರೆದರು. ಯೆಹೂದಿಯಾಗಿದ್ದ ಕಾರಣ ಪ್ರಷ್ಯಾದ ವಿಶ್ವವಿದ್ಯಾಲಯದಲ್ಲಿ ಅವರಿಗೆ ಪೂರ್ಣ ಪ್ರಾಧ್ಯಾಪಕ ಹುದ್ದೆ ಕೊನೆಗೂ ಸಿಗಲಿಲ್ಲ. 1855ರಲ್ಲಿ ಅದೇ ಮಾತನ್ನು ಲ್ಯಾಟಿನ್ ಸೂತ್ರವಾಗಿ ಜನಪ್ರಿಯಗೊಳಿಸಿದ ರುಡಾಲ್ಫ್ ವಿರ್ಕೋ ಹೆಸರೇ ಪಠ್ಯಗಳಲ್ಲಿ ಉಳಿಯಿತು. ರೆಮಾಕ್‌ಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ.

ವಿರ್ಕೋ ಅವರ ನಿಜವಾದ ಕೊಡುಗೆ ಬೇರೆ. ರೋಗ ಇರುವುದು ದೇಹದ ರಸಗಳ ಏರುಪೇರಿನಲ್ಲಲ್ಲ, ಕೋಶಗಳಲ್ಲಿ ಎಂದು ಅವರು 1858ರಲ್ಲಿ ಸಾಧಿಸಿದರು. ಇಂದು ಗಂಟಿನ ಚೂರು ತೆಗೆದು ಬಯಾಪ್ಸಿಗೆ ಕಳುಹಿಸುವ ಪ್ರತಿ ವೈದ್ಯರೂ ಆ ದಾರಿಯಲ್ಲೇ ನಡೆಯುತ್ತಿದ್ದಾರೆ. ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಹಂಸದ ಕೊರಳಿನಂತೆ ಬಾಗಿದ ಗಾಜಿನ ಬುರುಡೆಗಳಲ್ಲಿ ಸಾರು ಕುದಿಸಿಟ್ಟು, ಹೊರಗಿನ ಸೂಕ್ಷ್ಮಜೀವಿ ಒಳಬರದಿದ್ದರೆ ಸಾರು ಕೆಡುವುದಿಲ್ಲ ಎಂದು ತೋರಿಸಿದರು. ವಾಲ್ಟರ್ ಫ್ಲೆಮಿಂಗ್ ಸಾಲಮ್ಯಾಂಡರ್ ಮರಿಗಳ ಕೋಶಗಳಿಗೆ ಬಣ್ಣ ಹಾಕಿ, ವಿಭಜನೆಯ ಹೊತ್ತಿನಲ್ಲಿ ವರ್ಣತಂತುಗಳು ಉದ್ದಕ್ಕೆ ಸೀಳಿಕೊಂಡು ಎರಡು ಕಡೆಗೆ ಸರಿಯುವ ಹಂತಗಳನ್ನು 1882ರಲ್ಲಿ ಚಿತ್ರಿಸಿದರು. ಇವುಗಳಿಂದ ಮೂರನೆಯ ಮಾತು ಭದ್ರವಾಯಿತು.

ಒಂದು ಕೋಶದಿಂದ ಇಡೀ ಜೀವಿ ಹೇಗಾಗುತ್ತದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಸೀನೊರ್‌ಹಬ್ಡೈಟಿಸ್ ಎಲೆಗನ್ಸ್ ಎಂಬ ಈ ಹುಳು ಪಾರದರ್ಶಕ. ಸಿಡ್ನಿ ಬ್ರೆನರ್ ಅದನ್ನು ಕೇಂಬ್ರಿಜ್‌ನಲ್ಲಿ ಪ್ರಯೋಗಕ್ಕೆ ಆರಿಸಿಕೊಂಡರು. ಜಾನ್ ಸಲ್ಸ್‌ಟನ್ ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕುಳಿತು ಒಂದೊಂದು ಕೋಶದ ವಂಶವನ್ನೂ ಗುರುತು ಹಾಕಿದರು. ಆ ಹುಳುವಿನ ದೇಹದಲ್ಲಿ 1,090 ಕೋಶಗಳು ಹುಟ್ಟುತ್ತವೆ. ಅದರಲ್ಲಿ 131 ಕೋಶಗಳು ಗೊತ್ತಾದ ವೇಳೆಗೆ, ಗೊತ್ತಾದ ಜಾಗದಲ್ಲಿ ಸಾಯುತ್ತವೆ. ಉಳಿಯುವುದು 959. ಸಾವು ಇಲ್ಲಿ ಅಪಘಾತವಲ್ಲ, ಬೆಳವಣಿಗೆಯ ಒಂದು ಹಂತ. ಗರ್ಭದಲ್ಲಿರುವ ಮಗುವಿನ ಬೆರಳುಗಳ ನಡುವಿನ ಚರ್ಮದ ಕೋಶಗಳು ಹೀಗೆ ತಾವಾಗಿ ಅಳಿಯುವುದರಿಂದಲೇ ಬೆರಳುಗಳು ಬಿಡಿಬಿಡಿಯಾಗುತ್ತವೆ. ಬಾತುಕೋಳಿಯಲ್ಲಿ ಆ ಕೋಶಗಳು ಸಾಯದೆ ಉಳಿದು ಕಾಲಿಗೆ ಜಾಲವಾಗುತ್ತವೆ. ಬ್ರೆನರ್, ಸಲ್ಸ್‌ಟನ್ ಮತ್ತು ರಾಬರ್ಟ್ ಹಾರ್ವಿಟ್ಸ್ ಅವರಿಗೆ 2002ರ ನೊಬೆಲ್ ಬಂದದ್ದು ಈ ಕೆಲಸಕ್ಕೆ.

ಕೋಶ ಎಷ್ಟು ಸಲ ಒಡೆಯಬಹುದು ಎಂಬುದಕ್ಕೂ ಮಿತಿ ಇದೆ. ಮನುಷ್ಯನ ಸಾಮಾನ್ಯ ಕೋಶಗಳು ಗಾಜಿನ ಪಾತ್ರೆಯಲ್ಲಿ ಸುಮಾರು ಐವತ್ತು ಸಲ ವಿಭಜನೆಯಾಗಿ ನಿಲ್ಲುತ್ತವೆ ಎಂದು ಲೆನರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದರು. ಕ್ಯಾನ್ಸರ್ ಕೋಶ ಈ ಮಿತಿಯನ್ನೂ ಸಾಯಬೇಕಾದ ವೇಳೆಯನ್ನೂ ಮೀರುತ್ತದೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗಡ್ಡೆಯಿಂದ ಕೋಶಗಳನ್ನು ತೆಗೆಯಲಾಯಿತು. ಆಕೆಯನ್ನು ಯಾರೂ ಕೇಳಲಿಲ್ಲ. ಅದೇ ವರ್ಷ, 31ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಕೋಶಗಳು ಮಾತ್ರ ದಿನಕ್ಕೊಮ್ಮೆ ಇಮ್ಮಡಿಯಾಗುತ್ತಾ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ 'ಹೀಲಾ' ಎಂಬ ಹೆಸರಿನಲ್ಲಿ ಬೆಳೆಯುತ್ತಿವೆ. ಪೋಲಿಯೊ ಲಸಿಕೆಯ ಪರೀಕ್ಷೆಗೆ ಅವು ನೆರವಾದವು. ಆ ಕೋಶಗಳಿಂದ ವ್ಯಾಪಾರ ನಡೆಸಿದ ಒಂದು ಕಂಪನಿ 2023ರಲ್ಲಿ ಲ್ಯಾಕ್ಸ್ ಕುಟುಂಬದೊಂದಿಗೆ ರಾಜಿ ಮಾಡಿಕೊಂಡಿತು. ಕೋಶ ವಿಜ್ಞಾನದ ಚರಿತ್ರೆಯಲ್ಲಿ ಇದು ಮರೆಯಬಾರದ ಅನ್ಯಾಯ.

ತೋಟದಲ್ಲಿ, ಆಸ್ಪತ್ರೆಯಲ್ಲಿ

ಪ್ರತಿ ಕೋಶದಲ್ಲೂ ಇಡೀ ಜೀವಿಯ ಸೂಚನೆಗಳಿದ್ದರೆ, ಒಂದು ಕೋಶದಿಂದ ಇಡೀ ಗಿಡ ಬೆಳೆಸಲು ಯಾಕಾಗಬಾರದು ಎಂದು ಆಸ್ಟ್ರಿಯಾದ ಗಾಟ್ಲೀಬ್ ಹ್ಯಾಬರ್‌ಲ್ಯಾಂಟ್ 1902ರಲ್ಲೇ ಕೇಳಿದ್ದರು. 1958ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಎಫ್.ಸಿ. ಸ್ಟೀವರ್ಡ್ ಕ್ಯಾರೆಟ್ ಕೋಶಗಳಿಂದ ಗಿಡ ಬೆಳೆಸಿದರು. ದೆಹಲಿ ವಿಶ್ವವಿದ್ಯಾಲಯದ ಸಿಪ್ರಾ ಗುಹಾ ಮತ್ತು ಎಸ್.ಸಿ. ಮಹೇಶ್ವರಿ 1964ರಲ್ಲಿ ದತ್ತೂರಿಯ ಪರಾಗಕೋಶವನ್ನು ಸಾಕಿ, ಅರ್ಧದಷ್ಟೇ ವರ್ಣತಂತುಗಳುಳ್ಳ ಭ್ರೂಣಗಳನ್ನು ಪಡೆದದ್ದು ತಳಿ ಅಭಿವೃದ್ಧಿಯಲ್ಲಿ ಜಗತ್ತೇ ಬಳಸುವ ವಿಧಾನವಾಯಿತು.

ಕರ್ನಾಟಕದ ರೈತರು ಕೊಳ್ಳುವ ಜಿ-9 ಬಾಳೆಯ ಟಿಷ್ಯೂ ಕಲ್ಚರ್ ಸಸಿಗಳು ಇದೇ ಅರಿವಿನ ಕುಡಿ. ಬಾಳೆಗೆ ಬೀಜವಿಲ್ಲ. ಕಂದು ಕಿತ್ತು ನೆಟ್ಟರೆ ತಾಯಿಗಿಡದ ರೋಗವೂ ಜತೆಗೆ ಬರುತ್ತದೆ. ಆರೋಗ್ಯವಂತ ಕಂದಿನ ಸುಳಿಯಿಂದ ಪುಟ್ಟ ತುಣುಕು ತೆಗೆದು, ಸೋಂಕಿಲ್ಲದ ಬಾಟಲಿಯೊಳಗೆ ಪೋಷಕಾಂಶ, ಹಾರ್ಮೋನುಗಳ ಮೇಲಿಟ್ಟರೆ ಅದು ಹತ್ತಾರು ಚಿಗುರಾಗುತ್ತದೆ. ಬೇರು ಬಂದ ಮೇಲೆ ನೆರಳುಮನೆಯಲ್ಲಿ ಹದಗೊಳಿಸಿ ತೋಟಕ್ಕೆ ಕಳುಹಿಸುತ್ತಾರೆ. ಎಲ್ಲ ಗಿಡಗಳೂ ಒಂದೇ ಹೊತ್ತಿಗೆ ಗೊನೆ ಹಾಕುವುದು ರೈತನಿಗೆ ಲಾಭ. ಎಲ್ಲವೂ ಒಂದೇ ತಳಿಗುಣದವಾದ್ದರಿಂದ ಹೊಸ ರೋಗ ಬಂದರೆ ಎಲ್ಲವೂ ಒಟ್ಟಿಗೆ ಬೀಳುವುದು ಅಪಾಯ.

ಪ್ರಾಣಿಗಳಲ್ಲಿ ಈ ಹಾದಿ ಕಠಿಣ. ಪಕ್ವವಾದ ಕೋಶ ಹಿಂದಕ್ಕೆ ಹೋಗಲಾರದು ಎಂದೇ ಬಹುಕಾಲ ನಂಬಲಾಗಿತ್ತು. ಜಾನ್ ಗರ್ಡನ್ 1962ರಲ್ಲಿ ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ಕಪ್ಪೆಯ ಅಂಡಾಣುವಿಗೆ ಸೇರಿಸಿ ಹೊಸ ಜೀವಿ ಬೆಳೆಯಬಲ್ಲದೆಂದು ತೋರಿಸಿದರು. 2006ರಲ್ಲಿ ಜಪಾನಿನ ಶಿನ್ಯಾ ಯಾಮಾನಕ ನಾಲ್ಕೇ ಜೀನುಗಳ ನೆರವಿನಿಂದ ಇಲಿಯ ಚರ್ಮದ ಕೋಶವನ್ನು, ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಭ್ರೂಣದ ಆಕರಕೋಶದಂತೆ (ಸ್ಟೆಮ್ ಸೆಲ್) ಮಾಡಿದರು. 2012ರ ನೊಬೆಲ್ ಇಬ್ಬರಿಗೂ ಸಂದಿತು.

ಜೀನೊಂದರಲ್ಲಿನ ಒಂದೇ ಅಕ್ಷರದ ತಪ್ಪು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಸಿಕಲ್ ಸೆಲ್ ರಕ್ತಹೀನತೆ ಸಾಕ್ಷಿ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 146 ಅಮೈನೊ ಆಮ್ಲಗಳಲ್ಲಿ ಆರನೆಯದೊಂದು ಬದಲಾದರೆ ಸಾಕು, ಆಮ್ಲಜನಕ ಬಿಟ್ಟುಕೊಟ್ಟ ಕೆಂಪುಕಣ ಕುಡುಗೋಲಿನಂತೆ ಬಾಗುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತಡೆಯಲಾರದ ನೋವು ಕೊಡುತ್ತವೆ, 120 ದಿನ ಬಾಳಬೇಕಾದವು 10–20 ದಿನಕ್ಕೇ ಒಡೆಯುತ್ತವೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಅದರ ನೆರೆಯ ಮೈಸೂರು, ಚಾಮರಾಜನಗರ ಜಿಲ್ಲೆಗಳ ಆದಿವಾಸಿ ಸಮುದಾಯಗಳಲ್ಲೂ ರೋಗವಿದೆ. 2047ರೊಳಗೆ ಇದನ್ನು ನಿವಾರಿಸುವ ಗುರಿಯ ರಾಷ್ಟ್ರೀಯ ಕಾರ್ಯಕ್ರಮ 2023ರ ಜುಲೈನಲ್ಲಿ ಆರಂಭವಾಯಿತು. ಅದೇ ವರ್ಷದ ಕೊನೆಗೆ ಬ್ರಿಟನ್, ಅಮೆರಿಕಗಳು ರೋಗಿಯ ಸ್ವಂತ ಆಕರಕೋಶಗಳನ್ನು ಹೊರತೆಗೆದು, ಕ್ರಿಸ್ಪರ್ ತಂತ್ರದಿಂದ ಜೀನು ತಿದ್ದಿ ಮರಳಿ ಸೇರಿಸುವ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಕಾಡಂಚಿನ ಹಾಡಿಗೆ ಅದು ಸದ್ಯಕ್ಕೆ ಬರುವಂಥದ್ದಲ್ಲ. ಅಲ್ಲಿ ಬೇಕಾದದ್ದು ಸಕಾಲದ ರಕ್ತಪರೀಕ್ಷೆ, ಮದುವೆಗೆ ಮುನ್ನ ತಿಳಿವಳಿಕೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಸಿಗುವ ಮಾತ್ರೆ.

ಉಳಿದಿರುವ ದೊಡ್ಡ ಪ್ರಶ್ನೆ

ಕೋಶದಿಂದಲೇ ಕೋಶ ಎಂದಾದರೆ ಮೊಟ್ಟಮೊದಲ ಕೋಶ ಎಲ್ಲಿಂದ ಬಂತು? ಸುಮಾರು 350 ಕೋಟಿ ವರ್ಷ ಹಿಂದಿನ ಶಿಲೆಗಳಲ್ಲೇ ಸೂಕ್ಷ್ಮಜೀವಿಗಳ ಗುರುತುಗಳಿವೆ. ಅದಕ್ಕೂ ಹಿಂದಿನ ಕಥೆಗೆ ವಿಜ್ಞಾನಿಗಳು ಎರಡು ಕಡೆಯಿಂದ ದಾರಿ ಕೊರೆಯುತ್ತಿದ್ದಾರೆ. ಜಾಕ್ ಶೋಸ್ಟಾಕ್ ಅವರಂಥವರು ಕೊಬ್ಬಿನಾಮ್ಲಗಳು ನೀರಿನಲ್ಲಿ ತಾವಾಗಿ ಪೊರೆ ಕಟ್ಟಿಕೊಳ್ಳುವುದನ್ನು ಬಳಸಿ ಸರಳವಾದ ಕೋಶವನ್ನು ಕೆಳಗಿನಿಂದ ಕಟ್ಟುವ ಪ್ರಯತ್ನದಲ್ಲಿದ್ದಾರೆ. ಕ್ರೇಗ್ ವೆಂಟರ್ ತಂಡ ಇರುವ ಕೋಶದಿಂದ ಬೇಡವಾದದ್ದನ್ನು ಕಳೆಯುತ್ತಾ ಬಂದು 2016ರಲ್ಲಿ 473 ಜೀನುಗಳಲ್ಲಿ ಬಾಳುವ ಬ್ಯಾಕ್ಟೀರಿಯಾ ರೂಪಿಸಿತು. ಅವುಗಳಲ್ಲಿ 149 ಜೀನುಗಳ ಕೆಲಸ ಏನೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಅತಿ ಸರಳ ಕೋಶದಲ್ಲೂ ಸುಮಾರು ಮೂರರಲ್ಲೊಂದು ಪಾಲು ಮರೆಯಲ್ಲಿತ್ತು. ಅಲ್ಲದೆ ಆ ಕೃತಕ ಜೀನ್‌ಮಾಲೆಗೂ ನೆಲೆಯಾಗಿ ಜೀವಂತ ಕೋಶವೊಂದು ಬೇಕಾಗಿತ್ತು. ಜಡವಸ್ತುಗಳನ್ನಷ್ಟೇ ಕೂಡಿಸಿ ಬದುಕುವ, ವಂಶ ಬೆಳೆಸುವ ಕೋಶವನ್ನು ಇನ್ನೂ ಯಾರೂ ಮಾಡಿಲ್ಲ. ಆದ್ದರಿಂದ ಇಂದು ಭೂಮಿಯ ಮೇಲಿರುವ ಪ್ರತಿ ಕೋಶವೂ ಆ ಮೊದಲ ಕಾಲದಿಂದ ಎಲ್ಲೂ ಕಡಿಯದೆ ಬಂದ ಸಂತಾನ ಎಂಬ ಮಾತಿಗೆ ಇದುವರೆಗೆ ಒಂದೂ ಅಪವಾದ ಸಿಕ್ಕಿಲ್ಲ.

ಈ ಸಿದ್ಧಾಂತದ ಬಲ ಎಷ್ಟಿದೆಯೋ ಅದರ ಹೆಸರಿನಲ್ಲಿ ನಡೆಯುವ ವ್ಯಾಪಾರವೂ ಅಷ್ಟೇ ಬೆಳೆದಿದೆ. ಅಸ್ಥಿಮಜ್ಜೆಯ ಕಸಿ ಭಾರತದಲ್ಲಿ 1983ರಲ್ಲೇ ಮುಂಬೈಯ ಟಾಟಾ ಆಸ್ಪತ್ರೆಯಲ್ಲಿ ಯಶಸ್ವಿಯಾಗಿ, ಇಂದು ಹಲವು ರಕ್ತರೋಗಗಳಿಗೆ ಒಪ್ಪಿತ ಚಿಕಿತ್ಸೆಯಾಗಿದೆ. ರೋಗಿಯದೇ ರಕ್ಷಣಾ ಕೋಶಗಳನ್ನು ಕ್ಯಾನ್ಸರ್ ವಿರುದ್ಧ ಸಜ್ಜುಗೊಳಿಸುವ ಸಿಎಆರ್-ಟಿ ಚಿಕಿತ್ಸೆಯ ಭಾರತೀಯ ರೂಪಕ್ಕೆ 2023ರಲ್ಲಿ ಅನುಮತಿ ದೊರೆತಿದೆ. ಅದನ್ನು ಬೆಳೆಸಿದ್ದು ಬಾಂಬೆ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರ. ಇವುಗಳ ಬೆನ್ನಿಗೆ ವರ್ಷಗಳ ಪರೀಕ್ಷೆ ಇದೆ. ಮಂಡಿನೋವು, ಮಧುಮೇಹ, ಆಟಿಸಂ ಎಲ್ಲಕ್ಕೂ ಆಕರಕೋಶದ ಚುಚ್ಚುಮದ್ದು ಎಂದು ಜಾಹೀರಾತು ಕೊಡುವವರ ಬೆನ್ನಿಗೆ ಅದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಆಕರಕೋಶಗಳ ಕಸಿ ಬಿಟ್ಟರೆ ಉಳಿದ ಬಳಕೆಗಳು ಅನುಮತಿ ಪಡೆದ ಪ್ರಯೋಗದ ಚೌಕಟ್ಟಿನಲ್ಲಿ ಮಾತ್ರ ನಡೆಯಬೇಕು. ಮನೆಯ ಒಡವೆ ಅಡವಿಟ್ಟು ಇಂಥ ಚಿಕಿತ್ಸೆಗೆ ಹೊರಡುವ ಮೊದಲು ಓದುಗರು ವೈದ್ಯರನ್ನು ಎರಡು ಮಾತು ಕೇಳಲಿ: ಇದು ಒಪ್ಪಿತ ಚಿಕಿತ್ಸೆಯೇ, ಪ್ರಯೋಗವೇ? ಪ್ರಯೋಗವಾದರೆ ಅದು ಎಲ್ಲಿ ನೋಂದಣಿಯಾಗಿದೆ? ನೇರ ಉತ್ತರ ಬರದಿದ್ದರೆ ಹಣ ಕಟ್ಟಬೇಡಿ.